ಪಾಠಶಾಲೆಯಲ್ಲಿ ಯಂತ್ರವೂ ಮಗುವೂ

ಬೆಂಗಳೂರು ದಂಡಿನ ಪೂರ್ವಕ್ಕೆ, ಹೆಣ್ಣೂರು ರಸ್ತೆಯ ಮಗ್ಗುಲಲ್ಲಿ, ಲಿಂಗರಾಜಪುರವೆಂಬ ಬಡಾವಣೆಯೊಂದುಂಟು. ಕಮ್ಮನಹಳ್ಳಿ, ಬಾಣಸವಾಡಿ, ಕುಕ್ ಟೌನುಗಳು ಅದರ ನೆರೆಹೊರೆ. ಅಲ್ಲಿನ ಬೀದಿಯಲ್ಲಿ ಹತ್ತು ಮಾರು ನಡೆಯುವುದರೊಳಗೆ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಈ ಐದು ನುಡಿಗಳೂ ಕಿವಿಗೆ ಬೀಳುವುದು ಅಪೂರ್ವವಲ್ಲ. ವಿದ್ಯಾಭ್ಯಾಸದಲ್ಲಿ ಯಂತ್ರಸಾಧನಗಳನ್ನು ಜಾಣತನದಿಂದ ಬಳಸುವುದು ಹೇಗೆ ಎಂಬ ಇಂದಿನ ವಿಷಯಕ್ಕೆ ಈ ಬಡಾವಣೆಯನ್ನು ನಾನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಅಂಗವೈಕಲ್ಯವುಳ್ಳ ಮಕ್ಕಳೂ ಇಲ್ಲದ ಮಕ್ಕಳೂ ಒಂದೇ ಹಲಗೆಯ ಮೇಲೆ ಕುಳಿತು ಕಲಿಯಬೇಕೆಂಬ ಸಂಕಲ್ಪದಿಂದ ಹುಟ್ಟಿದ ಪಾಠಶಾಲೆಯೊಂದಕ್ಕೆ ಲಿಂಗರಾಜಪುರವು ನೆಲೆಯಾಯಿತು. ಯಂತ್ರವು ಮಗುವಿಗೆ ಯಾವಾಗ ನೆರವಾಗುವುದು, ಯಾವಾಗ ಬರಿಯ ಆಡಂಬರವಾಗುವುದು ಎಂಬ ಪ್ರಶ್ನೆಗೆ ಅಂತಹ ಪಾಠಶಾಲೆಯಲ್ಲಿ ದೊರೆಯುವಷ್ಟು ನಿಚ್ಚಳವಾದ ಉತ್ತರವು ಬೇರೆಡೆ ದೊರೆಯಲಾರದು.

ಯಂತ್ರವೆಂದೊಡನೆ ನಮ್ಮ ಮನಸ್ಸು ಗಣಕಯಂತ್ರದ ಕಡೆಗೂ ಗೋಡೆಯ ಮೇಲೆ ಬೆಳಗುವ ತೆರೆಯ ಕಡೆಗೂ ಓಡುತ್ತದೆ. ಆದರೆ ಒಂದು ಕಾಲಕ್ಕೆ ಸ್ಲೇಟು ಬಳಪಗಳೂ ಹೊಸ ಸಾಧನಗಳೇ ಆಗಿದ್ದುವು. ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದ ಹುಡುಗನಿಗೆ, ಬರೆದುದನ್ನು ಮನೆಗೆ ಒಯ್ದು ತಾಯಿಗೆ ತೋರಿಸುವ ಅನುಕೂಲವನ್ನು ಸ್ಲೇಟು ಒದಗಿಸಿತು. ಇದೇ ಸಾಧನದ ಗುಣ. ಮಗುವಿಗೂ ಪಾಠಕ್ಕೂ ನಡುವೆ ಇದ್ದ ಅಡ್ಡಿಯೊಂದನ್ನು ಅದು ತೆಗೆಯಬೇಕು. ಯಾವ ಅಡ್ಡಿಯನ್ನು ತೆಗೆಯುತ್ತದೆಂದು ಹೇಳಲಾಗದ ಸಾಧನವನ್ನು ಎಷ್ಟು ಬೆಲೆ ಕೊಟ್ಟು ತಂದರೂ ಅದು ಪಾಠಶಾಲೆಯ ಮೂಲೆಯಲ್ಲಿ ಧೂಳು ಹಿಡಿಯುವುದೇ ಸರಿ. ಆದುದರಿಂದ ಉಪಾಧ್ಯಾಯರು ಮೊದಲು ಕೇಳಬೇಕಾದ ಪ್ರಶ್ನೆ ಯಾವ ಯಂತ್ರವನ್ನು ಕೊಳ್ಳೋಣ ಎಂಬುದಲ್ಲ. ಈ ಮಗುವಿಗೆ ಅಡ್ಡಿಯು ಎಲ್ಲಿದೆ ಎಂಬುದು.

ಈ ಮಾತಿಗೆ ಬಾನುಲಿಯ ಕಥೆಯೇ ಒಳ್ಳೆಯ ನಿದರ್ಶನ. 1935ನೆಯ ಇಸವಿಯ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜರ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ನಡೆಯಿಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬರುವಂತೆ ಮಾಡಿದರು. ಮನಸ್ಸಿನ ವ್ಯಾಪಾರಗಳನ್ನು ಬಲ್ಲ ಪಂಡಿತರೊಬ್ಬರು ಈ ಕಾರ್ಯಕ್ಕೆ ಕೈಹಾಕಿದುದು ಗಮನಿಸತಕ್ಕ ಸಂಗತಿ. ದೂರವೆಂಬ ಅಡ್ಡಿಯನ್ನು ಬಾನುಲಿಯು ನಿವಾರಿಸಿತು. ಪಟ್ಟಣದ ವಿದ್ವಾಂಸರ ಮಾತು ಊರೂರಿಗೆ ಮುಟ್ಟುವಂತಾಯಿತು. ಆದರೆ ಅದಕ್ಕೆ ಒಂದು ಕೊರತೆಯೂ ಉಂಟು. ಅದು ಹೇಳಬಲ್ಲುದು, ಕೇಳಲಾರದು. ಮುಂದೆ ಕುಳಿತ ಮಗುವಿಗೆ ಅರ್ಥವಾಯಿತೋ ಇಲ್ಲವೋ, ಅದು ಆಕಳಿಸುತ್ತಿದೆಯೋ ನಗುತ್ತಿದೆಯೋ, ಬಾನುಲಿಗೆ ತಿಳಿಯದು.

ಈ ಕೊರತೆಯನ್ನು ಮೀರಿದ ಬಗೆಯು ಸ್ವಾರಸ್ಯವಾದುದು. 1974ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರ ನೆರವಿನಿಂದ ಲೆಕ್ಕದ ಬಾನುಲಿ ಪಾಠಗಳು ಆರಂಭವಾದುವು. ಅವರು ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಪ್ರಶ್ನೆಯನ್ನು ಕೇಳಿ, ಮಕ್ಕಳು ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿದ್ದು, ಬಳಿಕ ಸರಿಯುತ್ತರವನ್ನು ತಿಳಿಸುವಂತೆ ಪಾಠವನ್ನು ಹೆಣೆದರು. ಆ ಕೆಲವು ಕ್ಷಣಗಳ ಮೌನವೇ ಅವರ ಉಪಾಯ. ಮೌನದಲ್ಲಿ ಮಕ್ಕಳು ಕೂಗಿ ಹೇಳುವರು, ಬೆರಳೆಣಿಸುವರು, ಎದ್ದು ಕುಣಿಯುವರು. ತಪ್ಪಿದ ಮಗುವು ಆ ಗಳಿಗೆಯಲ್ಲೇ ತನ್ನ ತಪ್ಪನ್ನು ತಾನೇ ತಿಳಿದುಕೊಳ್ಳುವುದು. ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೆ ‘ಚಿನ್ನರ ಚುಕ್ಕಿ’, ‘ಕೇಳಿ-ಕಲಿ’ ಎಂಬ ಹೆಸರುಗಳಿಂದ ಬಾನುಲಿ ಪಾಠಗಳು ಬಂದುವು. ಇಂತಹ ಪಾಠಗಳಲ್ಲಿ ತರಗತಿಯ ಉಪಾಧ್ಯಾಯರ ಸ್ಥಾನವನ್ನು ಪೆಟ್ಟಿಗೆಯು ಕಸಿದುಕೊಳ್ಳುವುದಿಲ್ಲ. ಮೌನದ ಹೊತ್ತಿನಲ್ಲಿ ಯಾವ ಮಗು ಬಾಯಿ ತೆರೆಯಲಿಲ್ಲವೆಂದು ನೋಡುವ ಬಿಡುವನ್ನು ಅದು ಅವರಿಗೆ ಒದಗಿಸುತ್ತದೆ.

ದೂರದರ್ಶನದ ವಿಷಯದಲ್ಲಿಯೂ ಇದೇ ಪಾಠ. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ ಕೃತಕ ಉಪಗ್ರಹವೊಂದರ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರಗಳನ್ನು ಕಳುಹಿಸುವ ಪ್ರಯೋಗ ನಡೆಯಿತು. ನಮ್ಮ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದರಲ್ಲಿ ಸೇರಿದ್ದುವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿಯೇ ಕಾರ್ಯಕ್ರಮಗಳಿದ್ದುವು. ಮುಂದೆ 2020ರಲ್ಲಿ ಸಾಂಕ್ರಾಮಿಕದಿಂದ ಪಾಠಶಾಲೆಗಳು ಮುಚ್ಚಿದಾಗ ‘ಸಂವೇದ’ವೆಂಬ ಹೆಸರಿನ ಪಾಠಗಳು ಚಂದನ ವಾಹಿನಿಯಲ್ಲಿ ಬಂದುವು, ಅದೇ ವರ್ಷ ‘ವಿದ್ಯಾಗಮ’ವೆಂಬ ಯೋಜನೆಯಂತೆ ಉಪಾಧ್ಯಾಯರು ಮಕ್ಕಳಿದ್ದ ಕೇರಿಗೂ ಗುಡಿಯ ಅಂಗಳಕ್ಕೂ ಹೋಗಿ ಕುಳಿತರು. ತೆರೆಯ ಮೇಲೆ ಪಾಠ ಬರುತ್ತಿರುವಾಗಲೂ ಯಾರಾದರೂ ಮಗುವಿನ ಎದುರು ಕುಳಿತು ಅದರ ಮುಖವನ್ನು ನೋಡಬೇಕೆಂಬುದು ಅಂದು ನಾಡಿಗೆಲ್ಲ ಮನವರಿಕೆಯಾಯಿತು.

ಇನ್ನು ಲಿಂಗರಾಜಪುರಕ್ಕೆ ಮರಳೋಣ. 1959ರಲ್ಲಿ ಎನ್. ಎಸ್. ಹೇಮಾ ಎಂಬ ಮಹಿಳೆ, ತಾವೇ ಗಾಲಿಕುರ್ಚಿಯನ್ನು ಆಶ್ರಯಿಸಿದವರು, ಅಂಗವಿಕಲರ ಸಂಸ್ಥೆಯೊಂದನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಸಂಸ್ಥೆಯು ಲಿಂಗರಾಜಪುರದಲ್ಲಿ ನೆಲೆಯೂರಿ, ‘ಶ್ರದ್ಧಾಂಜಲಿ’ ಎಂಬ ಸಂಯುಕ್ತ ಪಾಠಶಾಲೆಯನ್ನು ತೆರೆಯಿತು. ಸಂಯುಕ್ತವೆಂದರೆ, ಊರುಗೋಲಿನಲ್ಲಿ ಬರುವ ಮಗುವೂ ಓಡಿಬರುವ ಮಗುವೂ ಒಂದೇ ಕೋಣೆಯಲ್ಲಿ ಕಲಿಯುವ ಶಾಲೆ. ಅಂಗವೈಕಲ್ಯವುಳ್ಳವರನ್ನು ಬೇರೆ ಇರಿಸಿ ಕಲಿಸುವುದೇ ಕರುಣೆಯೆಂದು ಬಹು ಮಂದಿ ನಂಬಿದ್ದ ಕಾಲದಲ್ಲಿ ಇದು ಸಣ್ಣ ಹೆಜ್ಜೆಯಾಗಿರಲಿಲ್ಲ.

ಆ ದಿನಗಳಲ್ಲಿ ನಮ್ಮ ದೇಶದ ಮಕ್ಕಳ ಕಾಲುಗಳನ್ನು ಅತಿಯಾಗಿ ಪೀಡಿಸುತ್ತಿದ್ದ ರೋಗವು ಪೋಲಿಯೋ. ಅದು ಸಾಮಾನ್ಯವಾಗಿ ಮಾಂಸಖಂಡಗಳ ಬಲವನ್ನು ಕಸಿಯುವುದೇ ಹೊರತು ಬುದ್ಧಿಯನ್ನು ಮುಟ್ಟುವುದಿಲ್ಲ. ಕಾಲು ಸೋತ ಅಂತಹ ಮಗುವಿಗೆ ಅಡ್ಡಿಯಿದ್ದುದು ಬಹುಮಟ್ಟಿಗೆ ಪಾಠಶಾಲೆಯ ಬಾಗಿಲಿನ ಹೊರಗೆ. ಅಡ್ಡಿಯೆಂದರೆ ಹಳ್ಳಬಿದ್ದ ದಾರಿ, ಮೂರು ಮೆಟ್ಟಿಲು, ಎತ್ತರವಾದ ಹೊಸ್ತಿಲು. ಕಾಲಿಗೆ ಕಟ್ಟುವ ಲೋಹದ ಆಸರೆ, ಊರುಗೋಲು, ಗಾಲಿಕುರ್ಚಿ, ಮೆಟ್ಟಿಲಿಗೆ ಬದಲಾಗಿ ಇಳಿಜಾರು, ಇಷ್ಟು ದೊರೆತರೆ ಮಗು ಹಲಗೆಯನ್ನು ಮುಟ್ಟುತ್ತಿತ್ತು. ಒಮ್ಮೆ ಕುಳಿತ ಮೇಲೆ ಅದರ ಕೈಯೂ ನಾಲಗೆಯೂ ಉಳಿದವರಂತೆಯೇ ಚುರುಕು. ಲಸಿಕೆಯ ಪ್ರಭಾವದಿಂದ ಪೋಲಿಯೋ ಈ ದೇಶದಿಂದ ತೊಲಗಿತು. 2011ನೆಯ ಜನವರಿಯ ಬಳಿಕ ಅದರ ಕಾಡು ವಿಷಾಣುವಿನಿಂದ ಭಾರತದಲ್ಲಿ ಯಾವ ಮಗುವೂ ಕಾಲು ಕಳೆದುಕೊಂಡುದು ವರದಿಯಾಗಲಿಲ್ಲ. 2014ನೆಯ ಮಾರ್ಚ್ 27ರಂದು ನಮ್ಮ ಪ್ರದೇಶವು ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಆದರೆ ಸೆರೆಬ್ರಲ್ ಪಾಲ್ಸಿ ಎಂಬ ಇನ್ನೊಂದು ಸ್ಥಿತಿಯು ಉಳಿದಿದೆ. ಹುಟ್ಟುವ ಮುನ್ನವೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲಿಯೋ ಎಳೆಯ ಮಿದುಳಿಗೆ ಆಗುವ ಪೆಟ್ಟು ಇದಕ್ಕೆ ಕಾರಣ. ಅವಯವಗಳಿದ್ದರೂ ಅವು ಮನಸ್ಸಿನ ಅಪ್ಪಣೆಯಂತೆ ನಡೆಯುವುದಿಲ್ಲ. ಕೈ ಬಿಗಿಯುವುದು, ಕತ್ತು ವಾಲುವುದು, ಮಾತು ತೊದಲುವುದು. ಈ ಮಗುವಿನ ವಿಷಯದಲ್ಲಿ ಅಡ್ಡಿಯು ಬಾಗಿಲ ಹೊರಗೆ ನಿಲ್ಲದೆ ಮಗುವಿನ ಜೊತೆಗೇ ಹಲಗೆಯವರೆಗೂ ಬರುತ್ತದೆ. ಇಲ್ಲಿಯೇ ದೊಡ್ಡ ಅನ್ಯಾಯವೊಂದು ನಡೆದುಹೋಗುವ ಅಪಾಯವಿದೆ. ಮಗುವಿಗೆ ತಿಳಿದಿದೆಯೆ ಎಂದು ನಾವು ಅರಿಯುವುದು ಅದರ ಬರಹದಿಂದ ಅಥವಾ ಮಾತಿನಿಂದ. ಅವೆರಡೂ ಕೈಕೊಟ್ಟ ಮಗುವನ್ನು ಮಂದಬುದ್ಧಿಯೆಂದು ಎಣಿಸಿ ಹಿಂದಿನ ಸಾಲಿಗೆ ತಳ್ಳುವುದು ಬಹು ಸುಲಭ. ಈ ಸ್ಥಿತಿಯುಳ್ಳ ಕೆಲವರಿಗೆ ಕಲಿಯುವ ಶಕ್ತಿಯಲ್ಲೂ ಕುಂದಿರಬಹುದು. ಆದರೆ ಎಷ್ಟೋ ಮಂದಿಗೆ ಬುದ್ಧಿಯು ಸ್ವಚ್ಛವಾಗಿದ್ದು, ಅದನ್ನು ಹೊರಗೆ ತೋರುವ ದಾರಿ ಮಾತ್ರ ಮುಚ್ಚಿರುತ್ತದೆ. ಯಾರದು ಯಾವ ಸ್ಥಿತಿಯೆಂಬುದು ದಾರಿಯನ್ನು ತೆರೆದು ನೋಡಿದ ಹೊರತು ಗೊತ್ತಾಗುವುದಿಲ್ಲ.

ಎಂಟು ವರುಷದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಇವಳು ಯಾವುದೇ ಒಂದು ಶಾಲೆಯ ಇಂತಹವಳೆಂದಲ್ಲ. ಲಿಂಗರಾಜಪುರದಲ್ಲಾಗಲಿ ಹಾಸನದಲ್ಲಾಗಲಿ ಯಾವ ಶಾಲೆಯಲ್ಲಾದರೂ ಇರಬಹುದಾದವಳು. ಮಗ್ಗಿ ಅವಳಿಗೆ ಬರುತ್ತದೆಯೆಂದು ತಾಯಿ ಹೇಳುತ್ತಾಳೆ. ಉಪಾಧ್ಯಾಯಿನಿಗೆ ಅದರ ಸುಳಿವೇ ಕಾಣದು. ಹಾಳೆಯ ಮೇಲೆ ಪೆನ್ಸಿಲಿನ ಗೀಚು, ಬಾಯಲ್ಲಿ ಸ್ಪಷ್ಟವಲ್ಲದ ಧ್ವನಿ, ಇಷ್ಟೇ. ಜಾಣೆಯಾದ ಉಪಾಧ್ಯಾಯಿನಿಯು ಈಗ ಏನು ಮಾಡುವಳು?

ಮೊದಲು ಅವಳು ಕುರ್ಚಿಯನ್ನು ನೋಡುವಳು. ಪಾದಗಳು ನೆಲಕ್ಕೆ ಮುಟ್ಟದೆ ತೂಗಾಡುತ್ತಿದ್ದರೆ ಮಗುವಿನ ಶಕ್ತಿಯೆಲ್ಲ ಬೀಳದಂತಿರುವುದಕ್ಕೇ ವ್ಯಯವಾಗುತ್ತದೆ. ಬೀಳುವ ಭಯದಲ್ಲಿರುವ ದೇಹಕ್ಕೆ ಗುಣಾಕಾರ ಹತ್ತೀತೆ? ಪಾದಕ್ಕೆ ಒಂದು ಹಲಗೆ, ಸೊಂಟಕ್ಕೆ ಒಂದು ಪಟ್ಟಿ, ಬೆನ್ನಿಗೆ ನೇರವಾದ ಆಸರೆ, ಮೊಣಕೈಗಳು ಊರುವಂತೆ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ದ ಮೇಜು, ಇವು ಬಡಗಿಯ ಕೈಯಿಂದಲೇ ಆಗುವ ಕೆಲಸ. ಅಂಗಮರ್ದನ ಚಿಕಿತ್ಸೆಯನ್ನು ಬಲ್ಲವರು ಅಳತೆಯನ್ನು ಹೇಳಿಕೊಡುವರು. ಪಾಠಶಾಲೆಯ ಯಂತ್ರಸಾಧನಗಳಲ್ಲಿ ಮೊದಲನೆಯದು ಸರಿಯಾದ ಕುರ್ಚಿಯೆಂದರೆ ಕೇಳುವವರು ನಗಬಹುದು; ಆದರೆ ಅದಿಲ್ಲದೆ ಮುಂದಿನದಾವುದೂ ನಿಲ್ಲದು.

ಅನಂತರ ಕೈಯ ವಿಚಾರ. ತೆಳುವಾದ ಪೆನ್ಸಿಲನ್ನು ಹಿಡಿಯಲಾರದ ಬೆರಳುಗಳು ದಪ್ಪವಾದುದನ್ನು ಹಿಡಿದಾವು. ಸೈಕಲ್ಲಿನ ಹಳೆಯ ಟ್ಯೂಬಿನ ತುಂಡನ್ನು ಪೆನ್ಸಿಲಿಗೆ ಸುತ್ತಿದರೆ ಸಾಕು. ಹಾಳೆಯು ಜಾರದಂತೆ ನಾಲ್ಕು ಮೂಲೆಗೂ ಅಂಟಿನ ಪಟ್ಟಿ. ಕತ್ತು ಬಗ್ಗಿಸಲಾರದವಳಿಗೆ ಓರೆಯಾಗಿ ಎತ್ತಿದ ಬರೆಯುವ ಹಲಗೆ. ಇಷ್ಟಾದರೂ ಬರಹವು ಮೂಡದಿದ್ದರೆ ಬರೆಯಬೇಕೆಂಬ ನಿಯಮವನ್ನೇ ಬಿಡಬೇಕು. ಏಳೆಂಟಲ ಎಷ್ಟು ಎಂದು ಕೇಳಿ, 54, 56, 63 ಎಂದು ಬರೆದ ಮೂರು ಬಿಲ್ಲೆಗಳನ್ನು ಮುಂದಿಟ್ಟರೆ ಹುಡುಗಿಯು ಸರಿಯಾದುದನ್ನು ತಳ್ಳಿ ತೋರಿಸಬಹುದು. ಕೈಯೂ ಆಡದಿದ್ದರೆ ಬಿಲ್ಲೆಗಳನ್ನು ದೂರದೂರ ಇಟ್ಟು ಅವಳ ಕಣ್ಣು ಎತ್ತ ಹೊರಳಿ ನಿಲ್ಲುವುದೆಂದು ನೋಡಬಹುದು. ಒಂದು ಸಲ ಸರಿಯಾದರೆ ಅದು ಆಕಸ್ಮಿಕವಿರಬಹುದು. ಬಿಲ್ಲೆಗಳ ಜಾಗವನ್ನು ಬದಲಿಸಿ ಹತ್ತು ಸಲ ಕೇಳಿದಾಗ ಹತ್ತೂ ಸರಿಯಾದರೆ, ತಾಯಿಯ ಮಾತು ನಿಜವೆಂದು ಸಂಶಯವಿಲ್ಲದೆ ತಿಳಿಯುವುದು. ಆ ದಿನ ಹುಡುಗಿಯ ಸ್ಥಾನವು ಹಿಂದಿನ ಸಾಲಿನಿಂದ ಮುಂದಕ್ಕೆ ಬರುವುದು. ಇದಕ್ಕಾದ ವೆಚ್ಚವು ಮೂರು ರಟ್ಟಿನ ತುಂಡುಗಳು.

ಮೂರನೆಯದು ನಾಲಗೆಯ ವಿಚಾರ. ಹಲಗೆಯೊಂದರ ಮೇಲೆ ನೀರು, ಊಟ, ಅಮ್ಮ, ಹೌದು, ಅಲ್ಲ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂಬ ಚಿತ್ರಗಳನ್ನೂ ಮಾತುಗಳನ್ನೂ ಅಂಟಿಸಿದರೆ ಅದೇ ಅವಳ ನಾಲಗೆ. ಊಟ, ನೀರುಗಳನ್ನಷ್ಟೇ ಕೇಳಿ ಸುಮ್ಮನಾಗುವ ಹಲಗೆಯಾಗದೆ, ಪ್ರಶ್ನೆ ಕೇಳುವುದಕ್ಕೂ ಹಟಮಾಡುವುದಕ್ಕೂ ನಗಿಸುವುದಕ್ಕೂ ಅದರಲ್ಲಿ ಮಾತಿರಬೇಕು. ಇದನ್ನು ಬಳಸುವವರಿಗೆ ತಾಳ್ಮೆಯೊಂದು ಬೇಕು. ಹುಡುಗಿಯು ಬೆರಳನ್ನು ಎತ್ತಿ ಚಿತ್ರದ ಮೇಲೆ ಇಡುವುದಕ್ಕೆ ಅರ್ಧ ನಿಮಿಷ ಹಿಡಿಯಬಹುದು. ಅಷ್ಟರೊಳಗೆ ನಾವೇ ಉತ್ತರ ಹೇಳಿಬಿಟ್ಟರೆ ಹಲಗೆಯು ವ್ಯರ್ಥ. ನಿಕರಾಗುವಾದ ಬಾನುಲಿ ಪಾಠದಲ್ಲಿ ಕಂಡ ಮೌನವೇ ಇಲ್ಲಿಯೂ ಬೇಕಾದುದು; ಇಲ್ಲಿ ಅದು ಸ್ವಲ್ಪ ದೀರ್ಘವಾಗಿರಬೇಕು, ಅಷ್ಟೇ ವ್ಯತ್ಯಾಸ.

ಗಣಕಯಂತ್ರದ ಸರದಿ ಈಗ ಬರುತ್ತದೆ. ಬೆರಳೊಂದನ್ನು, ಮೊಣಕೈಯನ್ನು ಅಥವಾ ತಲೆಯನ್ನು ಮಾತ್ರ ಇಚ್ಛೆಯಂತೆ ಆಡಿಸಬಲ್ಲ ಮಗುವು ಒಂದೇ ಗುಂಡಿಯಿಂದ ಪತ್ರವನ್ನೇ ಬರೆಯಬಹುದು. ತೆರೆಯ ಮೇಲೆ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಬೆಳಕೊಂದು ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತದೆ. ಬೇಕಾದ ಅಕ್ಷರದ ಮೇಲೆ ಬೆಳಕು ಬಂದಾಗ ಮಗುವು ಗುಂಡಿಯನ್ನೊತ್ತುತ್ತದೆ. ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು. ಬೆಳಕು ಎರಡು ಸೆಕೆಂಡಿಗೆ ಒಂದರಂತೆ ಸರಿದರೆ ಕಡೆಯ ಅಕ್ಷರವನ್ನು ಮುಟ್ಟಲು 98 ಸೆಕೆಂಡು ಬೇಕು. ‘ಳ’ಕಾರವುಳ್ಳ ಮಾತನ್ನು ಬರೆಯುವಷ್ಟರಲ್ಲಿ ಯಾರಿಗಾದರೂ ಬೇಸರ ಬಂದೀತು.

ಇದೇ 49 ಅಕ್ಷರಗಳನ್ನು ಏಳೇಳರಂತೆ ಏಳು ಸಾಲಾಗಿ ಜೋಡಿಸಿದರೆ ಲೆಕ್ಕ ಬೇರೆಯಾಗುತ್ತದೆ. ಬೆಳಕು ಮೊದಲು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಮಗುವು ಒಮ್ಮೆ ಒತ್ತಿದರೆ ಆ ಸಾಲು ನಿಲ್ಲುತ್ತದೆ. ಆಮೇಲೆ ಬೆಳಕು ಆ ಸಾಲಿನ ಅಕ್ಷರಗಳ ಮೇಲೆ ಮಾತ್ರ ಸರಿಯುತ್ತದೆ. ಮತ್ತೊಮ್ಮೆ ಒತ್ತಿದರೆ ಅಕ್ಷರ ಸಿಕ್ಕಿತು. ಕಡೆಯ ಅಕ್ಷರಕ್ಕೂ 14 ಹೆಜ್ಜೆ, ಎಂದರೆ 28 ಸೆಕೆಂಡು ಮಾತ್ರ. ಸರಾಸರಿ ನೋಡಿದರೆ 25 ಹೆಜ್ಜೆಗೆ ಬದಲಾಗಿ 8 ಹೆಜ್ಜೆ. ಯಂತ್ರ ಅದೇ, ಗುಂಡಿ ಅದೇ, ಮಗುವೂ ಅದೇ. ಜೋಡಣೆಯನ್ನು ಬದಲಿಸಿದುದರಿಂದಲೇ ಕಾಲವು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ನಮ್ಮ ಹಿರಿಯರು ವರ್ಗೀಯ ವ್ಯಂಜನಗಳನ್ನು ಉಚ್ಚಾರಣೆಯ ಸ್ಥಾನಕ್ಕನುಸಾರವಾಗಿ ಐದೈದರಂತೆ ಐದು ಸಾಲಾಗಿ ಇಟ್ಟಿರುವುದರಿಂದ, ಕ-ವರ್ಗ ಚ-ವರ್ಗಗಳನ್ನು ಕಲಿತ ಮಗುವಿಗೆ ಅಕ್ಷರವು ಯಾವ ಸಾಲಿನಲ್ಲಿದೆಯೆಂದು ಹುಡುಕುವ ಕಷ್ಟವೂ ಹೆಚ್ಚಿಲ್ಲ. ಉಪಾಧ್ಯಾಯರ ಸೃಷ್ಟಿಶಕ್ತಿಗೆ ಅವಕಾಶವಿರುವುದು ಇಂತಹ ಕಡೆಗಳಲ್ಲಿ.

ಇನ್ನು ಕಣ್ಣಿನ ವಿಚಾರ. ಫ್ರಾನ್ಸಿನ ಲೂಯಿ ಬ್ರೈಲನು 1824ರಲ್ಲಿ, ಹದಿನೈದು ವರುಷದ ಹುಡುಗನಾಗಿದ್ದಾಗಲೇ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಆರು ಚುಕ್ಕೆಗಳನ್ನು 63 ಬಗೆಯಲ್ಲಿ ಉಬ್ಬಿಸಬಹುದು. ಬೆರಳ ತುದಿಯು ಒಂದು ಮುಟ್ಟಿಗೆ ಒಂದನ್ನು ಗುರುತಿಸುವುದು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತೀ ಬ್ರೈಲ್ 1951ರಲ್ಲಿ ನಿಶ್ಚಯವಾಯಿತು. ಅದರಲ್ಲಿ ‘ಕಿ’ ಎಂಬುದನ್ನು ಬರೆಯಲು ಗುಡಿಸನ್ನು ಕಕಾರದ ತಲೆಗೆ ಏರಿಸುವುದಿಲ್ಲ. ಕಕಾರವನ್ನು ಬರೆದು ಅದರ ಮುಂದೆ ಇಕಾರವನ್ನು ಇಡುತ್ತಾರೆ. ಕಣ್ಣಿಗೆ ಕಾಣುವ ಆಕಾರವನ್ನು ಬಿಟ್ಟು ನಾಲಗೆಯ ಕ್ರಮವನ್ನು ಹಿಡಿದ ಬರಹವಿದು.

ಗಣಕಯಂತ್ರದ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳೂ ಈಗ ಇವೆ. ಅವುಗಳಲ್ಲಿ 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎನ್‌ವಿಡಿಎ ಎಂಬುದನ್ನು ಬೆಲೆ ಕೊಡದೆ ಪಡೆಯಬಹುದು, ಅದು ಕನ್ನಡವನ್ನೂ ಓದುವುದು. ಮೊಬೈಲ್ ದೂರವಾಣಿಗಳಲ್ಲಿಯೂ ಅಂತಹ ಸೌಕರ್ಯವುಂಟು. ಆದರೆ ಇಲ್ಲಿ ಬಹು ಜನ ಉಪಾಧ್ಯಾಯರು ಅರಿಯದೆ ಮಾಡುವ ಪ್ರಮಾದವೊಂದನ್ನು ಹೇಳಲೇಬೇಕು. ಗಣಕಯಂತ್ರವು ಅಕ್ಷರವನ್ನು ಸಂಖ್ಯೆಯಾಗಿ ನೆನಪಿಡುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. ಕಾಗುಣಿತವನ್ನೂ ಬ್ರೈಲಿನಂತೆಯೇ ನುಡಿಯುವ ಕ್ರಮದಲ್ಲಿ ಇಡಲಾಗಿದೆ. ಅದು ರೂಢಿಗೆ ಬರುವ ಮುನ್ನ ಬಳಕೆಯಲ್ಲಿದ್ದ ಹಳೆಯ ಅಕ್ಷರವಿನ್ಯಾಸಗಳಾದರೋ ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಚಿತ್ರಗಳನ್ನು ಹೊದಿಸಿದ್ದುವು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಉಪಾಧ್ಯಾಯರು ರಾತ್ರಿಯೆಲ್ಲ ಕುಳಿತು ಹಳೆಯ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಸೊಗಸಾದ ಪಾಠವು ದೃಷ್ಟಿಯಿಲ್ಲದ ವಿದ್ಯಾರ್ಥಿಯ ಕಿವಿಗೆ ಗೊಣಗಾಟವಾಗಿ ಬೀಳುವುದು. ಪುಸ್ತಕದ ಪುಟವನ್ನು ಛಾಯಾಚಿತ್ರವಾಗಿ ತೆಗೆದು ಕಳುಹಿಸಿದರೆ ಎಷ್ಟೋ ವೇಳೆ ಅದೂ ಇಲ್ಲ, ಬರಿಯ ಮೌನ. ಅದೇ ಪಾಠವನ್ನು ಯೂನಿಕೋಡಿನಲ್ಲಿ ಬರೆಯಲು ಹೆಚ್ಚು ಶ್ರಮವಿಲ್ಲ, ವೆಚ್ಚವಂತೂ ಇಲ್ಲ. ಒಂದು ಮಗುವು ತರಗತಿಯ ಒಳಗಿರುವುದೂ ಹೊರಗುಳಿಯುವುದೂ ಇಷ್ಟು ಸಣ್ಣ ಸಂಗತಿಯ ಮೇಲೆ ನಿಂತಿದೆ.

ಕಿವಿ ಮಂದವಾದ ಮಗುವು ಉಪಾಧ್ಯಾಯರ ತುಟಿಯನ್ನೂ ಮುಖಭಾವವನ್ನೂ ನೋಡಿ ಅರ್ಧ ಪಾಠವನ್ನು ಗ್ರಹಿಸುತ್ತದೆ. ಉಪಾಧ್ಯಾಯರು ಕರಿಹಲಗೆಯ ಕಡೆಗೆ ತಿರುಗಿ ಬರೆಯುತ್ತಲೇ ಮಾತನಾಡಿದರೆ ಆ ಅರ್ಧವೂ ಹೋಯಿತು. ಮೊದಲೇ ಬರೆದಿಟ್ಟುದನ್ನು ತೆರೆಯ ಮೇಲೆ ಮೂಡಿಸುವ ಯಂತ್ರವಿದ್ದರೆ ಅವರು ಮಕ್ಕಳ ಕಡೆಗೆ ಮುಖಮಾಡಿ ನಿಂತೇ ಪಾಠ ಹೇಳಬಹುದು. ಆದರೆ ಅದೇ ಯಂತ್ರಕ್ಕಾಗಿ ಕಿಟಕಿಗಳನ್ನೆಲ್ಲ ಮುಚ್ಚಿ ಕೋಣೆಯನ್ನು ಕತ್ತಲೆಗೊಳಿಸಿದರೆ, ತೆರೆಯು ಬೆಳಗಿತು, ತುಟಿ ಕಾಣದಾಯಿತು. ನೆರವಾಗಲು ಬಂದ ಯಂತ್ರವೇ ಹೊಸ ಅಡ್ಡಿಯಾಗುವ ಬಗೆ ಇದು.

ಇಂತಹ ಸಾಧನಗಳು ಕೆಲವರಿಗಾಗಿ ಮಾತ್ರವೆಂದು ಶ್ರೋತೃಗಳು ತಿಳಿಯಬಾರದು. ಬೇರೆಬೇರೆ ಬಗೆಯ ಮಕ್ಕಳು ಒಟ್ಟಿಗೆ ಕಲಿಯುವ ಶಾಲೆಯಲ್ಲಿ ಒಬ್ಬಳಿಗಾಗಿ ಮಾಡಿದುದು ನೆರೆಯವನಿಗೂ ಒದಗುತ್ತದೆ. ಓರೆಹಲಗೆಯಿಂದ ಕಣ್ಣು ಮಂದವಾದ ಹುಡುಗನಿಗೂ ಅನುಕೂಲ. ಲಿಂಗರಾಜಪುರದಂತಹ ಕಡೆ ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುವ ಮಗುವಿಗೆ ಕನ್ನಡದ ಪಾಠವು ಒಮ್ಮೆ ಕೇಳಿದರೆ ಸಾಲದು. ದೃಷ್ಟಿಯಿಲ್ಲದವರಿಗಾಗಿ ಧ್ವನಿಮುದ್ರಿಸಿದ ಪಾಠವನ್ನು ಈ ಮಗುವೂ ಬೇಕಾದಷ್ಟು ಸಲ ಕೇಳಬಹುದು. ಯಂತ್ರವು ಎಷ್ಟು ಸಲ ಕೇಳಿದರೂ ಗದರುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಜ್ಜಿಯು ಹೇಳಿದ ಕಥೆಯನ್ನು ಮನೆಯ ನುಡಿಯಲ್ಲಿಯೇ ಮೊಬೈಲಿನಲ್ಲಿ ಮುದ್ರಿಸಿ ತರುವಂತೆ ಮಕ್ಕಳಿಗೆ ಹೇಳಿ, ತರಗತಿಯಲ್ಲಿ ಎಲ್ಲರೂ ಸೇರಿ ಅದನ್ನು ಕನ್ನಡಕ್ಕೆ ತರುವಂತೆ ಮಾಡಬಹುದು. ಕಲಿಯಲು ಹಿಂದೆ ಬಿದ್ದವನೆಂದು ಎಣಿಸಲ್ಪಟ್ಟ ಹುಡುಗನು ಆ ದಿನ ಇತರರಿಗೆ ಅರ್ಥ ಹೇಳಿಕೊಡುವ ಸ್ಥಾನದಲ್ಲಿ ನಿಲ್ಲುವನು.

ಕೆಲವು ಎಚ್ಚರಿಕೆಗಳನ್ನು ಹೇಳುವುದು ಅಗತ್ಯ. ಮೊದಲನೆಯದಾಗಿ, ಯಂತ್ರವನ್ನು ಕೊಟ್ಟು ಮಗುವನ್ನು ಮೂಲೆಯಲ್ಲಿ ಕೂರಿಸಬಾರದು. ಒಟ್ಟಿಗೆ ಕಲಿಯಲೆಂದು ಬಂದ ಮಗುವನ್ನು ಯಂತ್ರದ ನೆಪದಿಂದ ಮತ್ತೆ ಒಂಟಿಯಾಗಿಸಿದಂತೆ ಆಗುವುದು. ಎರಡನೆಯದಾಗಿ, ವಿದ್ಯುತ್ತು ನಿಂತಾಗ ಪಾಠವೂ ನಿಲ್ಲಬಾರದು. ಮಾತನಾಡುವ ಯಂತ್ರವನ್ನು ಬಳಸುವ ಮಗುವಿನ ಚೀಲದಲ್ಲಿ ರಟ್ಟಿನ ಚಿತ್ರಹಲಗೆಯೂ ಇರಲಿ. ಮೂರನೆಯದಾಗಿ, ಹೊಸ ಸಾಧನವನ್ನು ತಂದು ಒಂದು ತಿಂಗಳ ಮೇಲೆ, ಇದರಿಂದ ಮಗುವು ಮೊದಲು ಮಾಡಲಾರದ ಯಾವ ಕೆಲಸವನ್ನು ಈಗ ಮಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಉತ್ತರವಿಲ್ಲದಿದ್ದರೆ ತಪ್ಪು ಮಗುವಿನದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮಗುವನ್ನೇ ಕೇಳಬೇಕು. ಯಾವ ಕುರ್ಚಿ ಒತ್ತುತ್ತದೆ, ಯಾವ ಗುಂಡಿ ದೂರವಾಯಿತು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ.

ಪರೀಕ್ಷೆಯ ಮಾತನ್ನೂ ಆಡದೆ ಮುಗಿಸಲಾಗದು. ವರುಷವೆಲ್ಲ ಗುಂಡಿಯಿಂದ ಬರೆದ ಮಗುವಿಗೆ ಪರೀಕ್ಷೆಯ ದಿನ ಪೆನ್ಸಿಲನ್ನೇ ಹಿಡಿಯಬೇಕೆಂದರೆ ಕಲಿಸಿದುದೆಲ್ಲ ನೀರಿನಲ್ಲಿ ಹೋಮ. 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾನೂನು ಅಂಗವೈಕಲ್ಯದ ಬಗೆಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಹೆಚ್ಚಿಸಿತಲ್ಲದೆ, ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ನ್ಯಾಯೋಚಿತ ಅನುಕೂಲಗಳನ್ನು ಕಲ್ಪಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳ ಮೇಲಿಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯು ಬರಹದ ಪರೀಕ್ಷೆಗಳಲ್ಲಿ ಬರೆದುಕೊಡುವವರ ನೆರವಿಗೆ ಅವಕಾಶವಿತ್ತು, ಗಂಟೆಗೆ 20 ನಿಮಿಷಗಳಿಗೆ ಕಡಿಮೆಯಿಲ್ಲದ ಹೆಚ್ಚುವರಿ ಕಾಲವನ್ನೂ ವಿಧಿಸಿತು. ಇದು ದಯೆಯಲ್ಲ, ರಿಯಾಯಿತಿಯೂ ಅಲ್ಲ. ಪರೀಕ್ಷೆಯು ಅಳೆಯಬೇಕಾದುದು ಮಗುವಿನ ತಿಳಿವಳಿಕೆಯನ್ನು. ಅದರ ಬೆರಳಿನ ವೇಗವನ್ನಲ್ಲ. ಈ ಹಕ್ಕನ್ನು ಅರಿಯದ ತಾಯಿತಂದೆಗಳು ಇಂದಿಗೂ ಬಹಳ ಮಂದಿ ಇದ್ದಾರೆ. ಅಂತಹವರು ನಿಮ್ಮ ನೆರೆಯಲ್ಲಿದ್ದರೆ ದಯವಿಟ್ಟು ತಿಳಿಸಿರಿ. ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡುವುದಕ್ಕಿಂತ ವರುಷದ ಆರಂಭದಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು, ಬೇಕಾದ ಪ್ರಮಾಣಪತ್ರಗಳನ್ನು ಒದಗಿಸಿ, ಮಗುವಿಗೆ ಅಭ್ಯಾಸವಾಗಿರುವ ಸಾಧನವನ್ನೇ ಕೇಳಿಕೊಳ್ಳುವುದು ಮೇಲು.

ಮಹನೀಯರೇ, ಮಹಿಳೆಯರೇ, ನಾಳೆ ನಿಮ್ಮೂರಿನ ಪಾಠಶಾಲೆಗೆ ಹೋದರೆ ಅಲ್ಲಿ ಎಷ್ಟು ಗಣಕಯಂತ್ರಗಳಿವೆಯೆಂದು ಎಣಿಸುವುದಕ್ಕೆ ಮೊದಲು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಮಗುವನ್ನು ನೋಡಿರಿ. ಅದಕ್ಕೆ ಕಲಿಯಲಾಗದೆಂದು ನಿರ್ಣಯಿಸುವ ಮುನ್ನ, ಅದರ ಪಾದ ನೆಲವನ್ನು ಮುಟ್ಟುತ್ತಿದೆಯೆ, ಅದಕ್ಕೆ ಹಲಗೆ ಕಾಣುತ್ತಿದೆಯೆ, ಪಾಠದ ನುಡಿಯು ಅದರ ಮನೆಯ ನುಡಿಯೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವಷ್ಟು ಹೊತ್ತನ್ನು ಯಾರಾದರೂ ಅದಕ್ಕೆ ಕೊಟ್ಟರೆ ಎಂದು ವಿಚಾರಿಸಿರಿ. ಈ ವಿಚಾರಣೆಯಾದ ಮೇಲೆ ಬೇಕಾದ ಸಾಧನವು ಯಾವುದೆಂಬುದು ತಾನಾಗಿಯೇ ಹೊಳೆಯುವುದು. ಅದು ಲಕ್ಷ ರೂಪಾಯಿಯ ಯಂತ್ರವಾಗಿರಬಹುದು, ರಟ್ಟಿನ ಮೂರು ತುಂಡುಗಳೂ ಆಗಿರಬಹುದು.